ಮರಿತಾಯಮ್ಮ ಕಾಯುವ ಗಾಜಿನ ದಾರಿ

ಅರಿಶಿನದ ಹೊಲಗಳಿಗೆ ಬೆಳಕಿನ್ನೂ ಇಳಿದಿಲ್ಲ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯ ಬದಿಯಲ್ಲಿ ಉಡಿಗಾಲದ ಮರಿತಾಯಮ್ಮ ಬಿದಿರ ಕೋಲು ಹಿಡಿದು, ತಲೆ ತಗ್ಗಿಸಿ ನಡೆಯುತ್ತಿದ್ದಾರೆ. ಎಲ್ಲಿ ಮಣ್ಣು ಹೊಸದಾಗಿ ಕೆದರಿದೆ, ಎಲ್ಲಿ ಕುಸಿದಿದೆ, ಯಾರು ಬೇಲಿಗೆಂದು ಗುಣಿ ತೋಡಿದ್ದಾರೆ, ಕಣ್ಣು ಅಷ್ಟನ್ನೇ ಹುಡುಕುತ್ತದೆ. ಗೋಪಾಲಸ್ವಾಮಿ ಬೆಟ್ಟದ ದಿಕ್ಕಿಗೆ ತಿರುಗಿ ಒಮ್ಮೆ ಕೈ ಮುಗಿಯುತ್ತಾರೆ. "ಕಾಯಪ್ಪ" ಅಂದು ಮತ್ತೆ ನೆಲ ನೋಡುತ್ತಾರೆ.

ಆ ನೆಲದಡಿ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಗಳಿವೆ, ಅವುಗಳೊಳಗೆ ಬೆಳಕು ಓಡುತ್ತಿದೆ. ಇದು ನಾವು ನೀವು ಸಿನಿಮಾ ನೋಡುವ ಇಂಟರ್ನೆಟ್ಟಲ್ಲ. ಕರ್ನಾಟಕ, ಕೇರಳ, ತಮಿಳುನಾಡಿನ ಕಾಲೇಜುಗಳೂ ಸಂಶೋಧನಾ ಕೇಂದ್ರಗಳೂ ಕೂಡಿ ತಮಗೆಂದೇ ಹಾಕಿಕೊಂಡ ಅತಿವೇಗದ ಜಾಲ. ಒಂದು ರಾಜ್ಯದ ದಾರಿ ಮುರಿದರೆ ಪಕ್ಕದ ರಾಜ್ಯದವರು ಹೊರೆ ಹೊರಬೇಕು, ಅದು ಅವರವರಲ್ಲಿ ಆದ ಮಾತು. ಆ ಮಾತು ಉಳಿಸುವ ದಾರಿಯಲ್ಲಿ ಎಂಟು ಕಿಲೋಮೀಟರು ಕಾಯುವುದು ಮರಿತಾಯಮ್ಮನ ಪಾಲಿಗೆ ಬಂದಿದೆ.

ಮೊದಲು ಅವರು ಕಳೆ ಕೀಳುವ ಕೂಲಿಗೆ ಹೋಗುತ್ತಿದ್ದರು. ಕೇಬಲ್ ಹೂಳುವಾಗ ಮಣ್ಣು ಅಗೆಯುವ ಗುಂಪು ಸೇರಿದರು. ಕೆಲಸ ಮುಗಿದ ಮೇಲೆ ಗುತ್ತಿಗೆದಾರರು ಅವರನ್ನೇ ಕಾವಲಿಗೆ ಇಟ್ಟುಕೊಂಡರು. ಗಂಡ ಮೂಗಯ್ಯ ಬದನಗುಪ್ಪೆಯ ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರ. ಗಂಡ ಹೆಂಡತಿ ಒಟ್ಟಿಗೆ ಕೂತು ಉಣ್ಣುವುದು ಭಾನುವಾರ ಮಾತ್ರ. "ಮೊದ್ಲು ಮೊದ್ಲು ನಾ ಬೆಳ್ಗಾನೆ ನಡ್ಯದ ನೋಡಿ ಊರ್ನೋರು, ಸುಗರ್ ಬಂದದಾ ಮರಿತಾಯಿ, ಡಾಕ್ಟ್ರು ವಾಕಿಂಗ್ ಏಳವ್ರಾ ಅಂತ ನಗೋರು" ಎಂದು ತಾವೂ ನಗುತ್ತಾರೆ.

ಇವತ್ತು ಫೋನಿಗೆ ಸಜೀವನ್ ಕಳಿಸಿದ ದನಿಯ ಸಂದೇಶ ಬಂದಿದೆ. ಈತ ಇದೇ ಜಾಲಕ್ಕೆ ವಯನಾಡಿನ ಕಡೆಯ ಕಾವಲುಗಾರ. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡಿಲ್ಲ, ಅವನ ಅರೆ ಮಲಯಾಳದ ಕನ್ನಡವಷ್ಟೇ ಪರಿಚಯ. ಅಕ್ಕ ಅನ್ನಲು ಅವನಿಗೆ ಚೇಚಿ. "ಚೇಚೀ, ಘಾಟಿಯಲ್ಲಿ ಮಣ್ಣು ಜರಿದು ಕೇಬಲ್ ಪೋಯಿ. ಇನ್ನು ನಿಮ್ಮ ದಾರಿ ಮಾತ್ರಂ. ಮಳೆ ನಿಲ್ತಾನೇ ಇಲ್ಲ. ನೋಡ್ಕೊಳ್ಳಣೇ."

ವಯನಾಡಿನ ಗುಡ್ಡಗಳಲ್ಲಿ ಮಳೆ ಅಳೆಯುವ ಯಂತ್ರಗಳಿವೆ. ಅವುಗಳ ಲೆಕ್ಕ ದೂರದ ದೊಡ್ಡ ಕಂಪ್ಯೂಟರಿಗೆ ಹೋಗಿ, ಯಾವ ಗುಡ್ಡ ಜಾರಬಹುದೆಂಬ ಎಚ್ಚರಿಕೆಯಾಗಿ ಮರಳುತ್ತದೆ. ಆ ಲೆಕ್ಕವೆಲ್ಲ ಈಗ ಈ ರಸ್ತೆ ಬದಿಯ ಮಣ್ಣಿನೊಳಗೆ ಹರಿಯುತ್ತಿದೆ.

ಮರಿತಾಯಮ್ಮ ಬೇಗ ಬೇಗ ಹೆಜ್ಜೆ ಹಾಕುತ್ತಾರೆ. ಮುಂದಿನ ಊರ ಬಾಗಿಲಲ್ಲಿ ಜೆಸಿಬಿ ಗುರುಗುಟ್ಟುತ್ತಿದೆ. ನೀರಿನ ಪೈಪು ಒಡೆದು ಊರಿನ ನಲ್ಲಿಗಳು ಒಣಗಿವೆ. ಖಾಲಿ ಬಿಂದಿಗೆಗಳ ಸಾಲು, ಅದರ ಮುಂದೆ ನೀರುಗಂಟಿ ಪುಟ್ಟರಾಜು.

"ಅಕ್ಕ, ಆಚ್ಗ ನಿಂತ್ಕೊ. ಮೂರ್ ದಿನ ಆಯ್ತು ನೀರ್ ಬಂದು. ಊರ್ನೋರು ನನ್ನ ಸುಮ್ನ ಬುಟ್ಟಾರಾ?"

"ಜೆಸಿಬಿ ಬ್ಯಾಡ ಕಣ್ಲಾ ಪುಟ್ಟರಾಜು. ಕೆಳಗ ಬಂಡೆ ಅದ, ಅದ್ಕೇ ಇಲ್ಲಿ ಕೇಬಲ್ ಮ್ಯಾಲಕ್ಕೇ ಅದ. ಒಂದ್ ಏಟ್ಗ ಓಯ್ತದ."

ಸಾಲಿನಲ್ಲಿದ್ದ ಮುದುಕಿ ಶಾಂತಮಲ್ಲಮ್ಮ ಬಿಂದಿಗೆ ಕುಕ್ಕುತ್ತಾರೆ. "ನಿನ್ ಗಾಜಿನ್ ದಾರವ ಇಂಡುದ್ರ ನೀರ್ ಬಂದದಾ ಮರಿತಾಯಿ?"

ಗುತ್ತಿಗೆದಾರರ ಆಫೀಸಿಗೆ ಒಂದು ಫೋನು ಮಾಡಿದರೆ ಸಾಕು, ಜೆಸಿಬಿ ನಿಲ್ಲುತ್ತದೆ. ಜೊತೆಗೆ ನೀರೂ ನಾಳೆಗೆ ಹೋಗುತ್ತದೆ. ಫೋನು ಸೆರಗಿನ ಗಂಟಿನಲ್ಲೇ ಉಳಿಯುತ್ತದೆ. ಕೂಸುಗಳನ್ನು ಸೊಂಟಕ್ಕೇರಿಸಿಕೊಂಡು ನಿಂತ ಹೆಂಗಸರನ್ನು ಒಂದು ಗಳಿಗೆ ನೋಡಿ, ಮರಿತಾಯಮ್ಮ ಚಪ್ಪಲಿ ಬಿಡುತ್ತಾರೆ.

"ನೀರ್ ಬ್ಯಾಡ ಅಂದ್ನಾ ಅವ್ವ? ಕೈಲಿ ಅಗ್ಯನ ಬನ್ನಿ. ನಾನೇ ಮೊದ್ಲು ಇಳೀತೀನಿ."

"ಕೈಲಿ ಅಗದ್ರ ಸಂಜ್ಗಾಯ್ತದ ಕಣಕ್ಕ" ಎಂದು ಗೊಣಗುತ್ತಲೇ ಪುಟ್ಟರಾಜು ಜೆಸಿಬಿಯವನಿಗೆ ಸನ್ನೆ ಮಾಡುತ್ತಾನೆ. ಎಂಜಿನ್ನು ಆರುತ್ತದೆ. ಹಾರೆ ಬರುತ್ತದೆ, ಗುದ್ದಲಿ ಬರುತ್ತದೆ. ಮೊಣಕಾಲುದ್ದ ಇಳಿದ ಮೇಲೆ ಮರಿತಾಯಮ್ಮ ಎರಡನ್ನೂ ಬದಿಗಿಟ್ಟು, ಕೂತು, ಬರಿ ಬೆರಳಲ್ಲಿ ಕೆಸರು ಬಗೆಯುತ್ತಾರೆ. ಗೆಣಸು ಕೀಳುವಾಗ ಗೆಡ್ಡೆಗೆ ಪೆಟ್ಟಾಗದಂತೆ ಹೇಗೋ ಹಾಗೆ. ಕಿತ್ತಳೆ ಬಣ್ಣದ ಕೊಳವೆ ಕಾಣಿಸುತ್ತದೆ. ಕಾಪಾಡಬೇಕಾದ ಗಾಜು ಇರುವುದು ಅದರೊಳಗೇ.

ಪೇಚು ಬಂದದ್ದು ಆಮೇಲೆ. ಒಡೆದ ಪೈಪು ಬಂಡೆಗೂ ಕೊಳವೆಗೂ ನಡುವೆ, ಕೊಳವೆಯ ಅಡಿಯಲ್ಲೇ ಇದೆ. ಮಣ್ಣು ತೆಗೆದಷ್ಟೂ ಕೊಳವೆ ನಡುವೆ ಜೋಲುತ್ತದೆ. ಇನ್ನೊಂದಿಷ್ಟು ಬಾಗಿದರೆ ಒಳಗಿನ ಗಾಜು ಮುರಿಯುತ್ತದೆ. ಮರಿತಾಯಮ್ಮ ಹೆಗಲು ಕೊಟ್ಟು ಎತ್ತಿ ಹಿಡಿದು ನಿಲ್ಲುತ್ತಾರೆ. ಅಲುಗುವ ಹಾಗಿಲ್ಲ, ಇಳಿಸುವ ಹಾಗಿಲ್ಲ.

"ಯಾರಾರ ಒಂದು ಅಳೇ ಸೀರ ಕೊಡ್ರವ್ವ!"

ಯಾರೂ ಮಿಸುಕುವ ಮೊದಲೇ ಶಾಂತಮಲ್ಲಮ್ಮ ಮನೆಗೆ ಹೋಗಿ ತಂತಿಯ ಮೇಲೆ ಒಣಗುತ್ತಿದ್ದ ಸೀರೆ ಎಳೆದು ತರುತ್ತಾರೆ. ಹೆಂಗಸರು ಕೂಡಿ ಗುಂಡಿಗೆ ಅಡ್ಡಲಾಗಿ ಎರಡು ಹಾರೆ ಇಟ್ಟು, ಸೀರೆಯನ್ನು ತೊಟ್ಟಿಲಿನಂತೆ ಕಟ್ಟಿ, ಕೊಳವೆಯನ್ನು ಅದರಲ್ಲಿ ಮಲಗಿಸುತ್ತಾರೆ.

"ಹೂಂ, ತೂಗವ್ವ ಇನ್ನ. ಗಾಜಿನ ಕೂಸ್ನ ಎತ್ಬುಟ್ಟವ್ಳ ಮರಿತಾಯಿ!" ಎಂದು ಮುದುಕಿ ಅನ್ನುವಾಗ ಬಿಂದಿಗೆಯ ಸಾಲೆಲ್ಲ ನಗುತ್ತದೆ. ಅಡಿಯಲ್ಲಿ ಪುಟ್ಟರಾಜು ಹೊಸ ಪೈಪು ಕೂರಿಸುತ್ತಾನೆ. ಹೊತ್ತು ನೆತ್ತಿಗೇರುವ ಮೊದಲು ನಲ್ಲಿ ಉಗುಳಿ, ಕೆಮ್ಮಿ, ಕೆಂಪು ನೀರು ಕಾರಿ, ಆಮೇಲೆ ತಿಳಿಯಾಗುತ್ತದೆ. ಜಾಲದ ಒಂದು ಎಳೆಯೂ ಕತ್ತಲಾಗಿಲ್ಲ.

ಮರಳು ಹಾಸಿ ಗುಂಡಿ ಮುಚ್ಚುವ ಹೊತ್ತಿಗೆ ಫೋನಿಗೆ ಸಜೀವನ್ ದನಿ ಮತ್ತೆ ಬರುತ್ತದೆ. ಎಚ್ಚರಿಕೆ ಬಂತು, ಗುಡ್ಡದ ಬುಡದ ಕಾಲೊನಿಯವರೆಲ್ಲ ಶಾಲೆಗೆ ಬಂದಾಯಿತು, ಗುಡ್ಡ ಇನ್ನೂ ನಿಂತಿದೆ, ರಾತ್ರಿ ಏನಾಗುವುದೋ ದೇವರೇ ಬಲ್ಲ, ಜನ ಮಾತ್ರ ಕೆಳಗಿಲ್ಲ. ಮರಿತಾಯಮ್ಮ ಅದನ್ನು ಎರಡು ಸಲ ಕೇಳಿಸಿಕೊಳ್ಳುತ್ತಾರೆ.

"ಆ ಗುಡ್ಡದೋರು ನಿನ್ಗೇನಾಗ್ಬೇಕಮ್ಮಿ?" ಎನ್ನುತ್ತಾರೆ ತುಂಬಿದ ಬಿಂದಿಗೆ ಸೊಂಟಕ್ಕಿಟ್ಟ ಶಾಂತಮಲ್ಲಮ್ಮ.

ಕೆಸರು ಕೈಯನ್ನು ನಲ್ಲಿಗೊಡ್ಡಿ ತೊಳೆದುಕೊಂಡು ಮರಿತಾಯಮ್ಮ ಕೋಲು ಎತ್ತಿಕೊಳ್ಳುತ್ತಾರೆ. ಅವರ ಪಾಲಿನ ದಾರಿ ಇನ್ನೂ ಅರ್ಧ ಉಳಿದಿದೆ.

"ಏನೂ ಆಗ್ಬೇಕಿಲ್ಲ ಕಣವ್ವ. ಅವ್ರ ಮಳೆ ಸುದ್ದಿ ನಮ್ಮ ನೆಲ್ದೊಳ್ಗ ಓಯ್ತದ. ಆ ಸುದ್ದಿ ಇವತ್ತು ನಿಲ್ನಿಲ್ಲ."