ಔಷಧವಿಲ್ಲದ ಸೂಜಿ

ಮೊನ್ನೆ ಮುಧೋಳದ ದವಾಖಾನೆಯೊಂದರಲ್ಲಿ ಅತ್ತೆಯವರ ರಕ್ತ ತೆಗೆಯಲು ಬಂದ ಹುಡುಗಿ ಹತ್ತಿಗೆ ಸ್ಪಿರಿಟ್ ಹಚ್ಚಿ ಅವರ ತೋಳು ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಬನಹಟ್ಟಿಯ ನರ್ಸಬಾಯಿ ನೆನಪಾದರು. ಊರವರು ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ಸರಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ಅಕ್ಯುಪಂಕ್ಚರ್ ಕಲಿತುಬಂದು, ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಂಚ ಹಾಕಿಕೊಂಡಿದ್ದರು. ಬರುವವರಲ್ಲಿ ಹೆಚ್ಚಿನವರು ಮಗ್ಗದ ಮುಂದೆ ನಿಂತು ನಿಂತು ಸೊಂಟ ಹಿಡಿದವರು. ಬಸಿರಾಗಬೇಕೆಂದು ಬಂದವಳು ಬಹುಶಃ ನಾನೊಬ್ಬಳೇ...

ನಾವಿರುವುದು ಜಮಖಂಡಿಯಲ್ಲಿ. ಆಗ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಬೆಳಗಾವಿಯ ಡಾಕ್ಟರು ಎರಡು ಸಲ ಭ್ರೂಣ ಇಟ್ಟು ನೋಡಿದ್ದರು, ಎರಡು ಸಲವೂ ನಿಂತಿರಲಿಲ್ಲ. ಇನ್ನೊಂದೇ ಉಳಿದಿತ್ತು. ಅದನ್ನು ಇಡುವ ಮೊದಲು ನಾಲ್ಕು ದಿನ ನೆಮ್ಮದಿಯಿಂದ ನಿದ್ದೆಯಾದರೂ ಮಾಡು ಎಂದು, ಸೊಂಟದ ನೋವಿಗೆ ಅಲ್ಲಿಗೆ ಹೋಗುತ್ತಿದ್ದ ನನ್ನ ಅಕ್ಕ ಈ ದಾರಿ ತೋರಿಸಿದಳು. ಬೇಕಾದರೆ ಮಾಡಿಸಿಕೊಳ್ಳಿ, ನಮ್ಮ ಗುಳಿಗೆ ಮಾತ್ರ ಬಿಡಬೇಡಿ ಎಂದರು ಡಾಕ್ಟರು. ಹೊಟ್ಟೆಗೆ ಲೆಕ್ಕವಿಲ್ಲದಷ್ಟು ಇಂಜೆಕ್ಷನ್ ಚುಚ್ಚಿಸಿಕೊಂಡವಳಿಗೆ ಸೂಜಿಯ ಹೆದರಿಕೆ ಎಲ್ಲಿಂದ ಬರಬೇಕು? ಆದರೆ ಇದರಲ್ಲಿ ಔಷಧವೇ ಇರುವುದಿಲ್ಲ ಎಂದು ಗೊತ್ತಾದಾಗ ನನ್ನ ಗಂಡ, ಖಾಲಿ ಸೂಜಿ ಚುಚ್ಚಿಸಿಕೊಳ್ಳಲು ಬಸ್ ಹತ್ತಿ ಹೋಗುವವಳು ಜಿಲ್ಲೆಗೆ ನೀನೊಬ್ಬಳೇ ಎಂದು ಚೇಷ್ಟೆ ಮಾಡಿದ್ದ.

ಪ್ರತಿ ಸೋಮವಾರ ಬಾ ಎಂದಿದ್ದರು ನರ್ಸಬಾಯಿ. ಮೊದಲ ದಿನ ಕಾಲಿಗೆ, ಕೈಗೆ, ಹುಬ್ಬುಗಳ ನಡುವೆ ಸ್ಪಿರಿಟ್ ಒರೆಸಿ ಕೂದಲೆಳೆಯಂಥ ಸೂಜಿಗಳನ್ನು ಇಟ್ಟರು. ಇರುವೆ ಕಚ್ಚಿದಷ್ಟೂ ನೋಯಲಿಲ್ಲ. ಸ್ವಲ್ಪ ಹೊತ್ತಿಗೆ ಆ ಜಾಗಗಳೆಲ್ಲ ಭಾರವಾಗಿ ಜೋಮು ಹಿಡಿದಂತಾಯಿತು. ನಾನು ಕೇಳುವ ಮೊದಲೇ ಅವರು ಹೇಳಿಬಿಟ್ಟರು: “ಇದರಿಂದ ಕೂಸು ಆಗತೈತಿ ಅಂತ ನಾ ಹೇಳೂದಿಲ್ಲ ಯವ್ವಾ. ಜರಾ ನಿದ್ದಿ ಬಂದೀತು, ಅಷ್ಟ.” ಅಷ್ಟು ವರ್ಷಗಳಲ್ಲಿ ನನಗೆ ಯಾವ ಆಸೆಯನ್ನೂ ಹಚ್ಚದೆ ಮಾತಾಡಿದವರು ಅವರೊಬ್ಬರೇ. ಪಕ್ಕದ ಮನೆಯ ಮಗ್ಗಗಳ ಖಟಖಟ ಸದ್ದಿನಲ್ಲೇ ನಾನು ಗೊರಕೆ ಹೊಡೆದೆನಂತೆ.

ಒಂದು ಮಾತನ್ನು ಮಾತ್ರ ಅವರಿಂದ ಮುಚ್ಚಿಟ್ಟಿದ್ದೆ. ಸೂಜಿ ಮುಟ್ಟುವ ಮೊದಲು ಅವರು ತಪ್ಪದೆ ಕೇಳುತ್ತಿದ್ದದ್ದು, ನಾಷ್ಟಾ ಆಯಿತೇ ಎಂದು. ನಾನು ಹೂಂ ಎನ್ನುತ್ತಿದ್ದೆ. ಆಗಿರುತ್ತಿರಲಿಲ್ಲ. ಮಗುವಿಗಾಗಿ ಅತ್ತೆಯವರು ನನ್ನಿಂದ ಸೋಮವಾರದ ಉಪವಾಸ ಹಿಡಿಸಿದ್ದರು. ಸಂಜೆ ದೀಪ ಹಚ್ಚುವವರೆಗೆ ನೀರು ಬಿಟ್ಟರೆ ಏನೂ ಇಲ್ಲ. ಹರಕೆಯನ್ನು ಹೊರಗೆ ಬಾಯಿಬಿಟ್ಟರೆ ಫಲ ಹೋಗುತ್ತದೆಂದು ತಾಕೀತು ಬೇರೆ. ದೇವರನ್ನೂ ಬಿಡಬಾರದು, ಸೂಜಿಯನ್ನೂ ಬಿಡಬಾರದು ಎನ್ನುವ ಆಸೆಬುರುಕಿ ನಾನು. ಮೂರನೆಯ ಸೋಮವಾರ ಸೂಜಿ ಇಟ್ಟು ಐದು ನಿಮಿಷವಾಗಿರಲಿಲ್ಲ, ಮೈಯೆಲ್ಲ ಬೆವತು ಕಣ್ಣಿಗೆ ಕತ್ತಲೆ ಬಂತು...

ಎಚ್ಚರವಾದಾಗ ಸೂಜಿಗಳನ್ನೆಲ್ಲ ತೆಗೆದು, ಕಾಲ ಕೆಳಗೆ ಎರಡು ದಿಂಬು ಇಟ್ಟಿದ್ದರು. ಬೈಯಲಿಲ್ಲ. ಖಾಲಿ ಹೊಟ್ಟೆಯಲ್ಲಿ ಸೂಜಿ ಹಾಕಿಸಿಕೊಂಡರೆ ಹೀಗಾಗುತ್ತದೆ, ಅದಕ್ಕೇ ಕೇಳುತ್ತಿದ್ದೆ ಎಂದರಷ್ಟೇ. ನಾನು ಅಳುತ್ತ ಎಲ್ಲವನ್ನೂ ಹೇಳಿದೆ. ಅವರು ಒಳಗಿನಿಂದ ರೊಟ್ಟಿ, ಝುಣಕ, ಮೊಸರು ತಂದಿಟ್ಟು ಎದುರಿಗೆ ಕೂತರು. ಸೋಮವಾರ ಮಟಮಟ ಮಧ್ಯಾಹ್ನ ಎರಡು ರೊಟ್ಟಿ ತಿಂದೆ. ಪಾಪವೆನ್ನಿಸಲಿಲ್ಲ, ಹಸಿವು ಅಷ್ಟಿತ್ತು.

ಆ ವಾರವೇ ನರ್ಸಬಾಯಿ ಜಮಖಂಡಿಗೆ, ನಮ್ಮ ಮನೆಗೆ ಬಂದರು. ಅತ್ತೆಯವರ ಬಾಯಿ ಜೋರು. ಇವತ್ತು ದೊಡ್ಡ ರಂಪವಾಗುತ್ತದೆಂದು ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತೆ. ನರ್ಸಬಾಯಿ ದೇವರು ಇದ್ದಾನೋ ಇಲ್ಲವೋ ಎಂಬ ಸುದ್ದಿಗೇ ಹೋಗಲಿಲ್ಲ. ಚಹಾ ಕುಡಿದು ಕಪ್ಪು ಕೆಳಗಿಟ್ಟು, “ಹರಕಿ ಮುರೀಬ್ಯಾಡ್ರಿ. ಆಕಿ ಉಪವಾಸ ನೀವು ಹಿಡೀರಿ, ಆಕಿ ಉಣ್ಣಲಿ” ಎಂದರು. ಅತ್ತೆಯವರು ಮುಂದಿನ ಸೋಮವಾರ ಮುಂಜಾನೆ ನನ್ನ ಮುಂದೆ ಉಪ್ಪಿಟ್ಟಿನ ತಾಟು ಇಟ್ಟು, ತಾವು ಒಂದು ಲೋಟ ನೀರು ಕುಡಿದು ಎದ್ದು ಹೋದರು. ಅವರು ನನ್ನವರು ಎನ್ನಿಸಿದ್ದು ಆವತ್ತು.

ಕೊನೆಯ ಭ್ರೂಣ ಇಟ್ಟು ಎರಡು ವಾರಕ್ಕೆ ರಕ್ತದ ರಿಪೋರ್ಟು ಫೋನಿನಲ್ಲಿ ಬಂತು. ಅದೂ ನಿಂತಿರಲಿಲ್ಲ. ಮನೆಯಲ್ಲಿ ಹೇಳುವ ಧೈರ್ಯವಾಗದೆ ಬನಹಟ್ಟಿಯ ಬಸ್ ಹತ್ತಿದೆ. ಮುಖ ನೋಡಿಯೇ ನರ್ಸಬಾಯಿಗೆ ತಿಳಿಯಿತು. ಆವತ್ತು ಸೂಜಿಯ ಡಬ್ಬಿ ತೆಗೆಯಲಿಲ್ಲ. ಮಂಚದ ಮೇಲೆ ಮಲಗಿಸಿ, ನನ್ನ ಪಾದ ಹಿಡಿದುಕೊಂಡು ಕೂತರು. ನನ್ನ ಅಳು ಮುಗಿದ ಮೇಲೆ ಕೇಳಿದರು.

“ಮತ್ತ ಮಾಡಸ್ತಿಯೇನು?”

“ಸಾಕಾಗೇತ್ರಿ ಬಾಯಾರ,” ಎಂದೆ. ಗಂಡನ ಮುಂದೆಯೂ ಆಡಿರದ ಮಾತು ಅದು.

“ಸಾಕಾಗಿದ್ರ ಸಾಕು ಅನ್ನಬೇಕು. ನೀ ಏನೂ ತಪ್ಪ ಮಾಡಿಲ್ಲ.”

ಆ ಸಂಜೆ ಮನೆಗೆ ಹೋಗಿ ಗಂಡ, ಅತ್ತೆ ಇಬ್ಬರೆದುರಿಗೂ ಸಾಕು ಎಂದೆ. ಜಗಳವಾಗಲಿಲ್ಲ. ಮೂವರೂ ಕಣ್ಣೊರೆಸಿಕೊಂಡು ಒಟ್ಟಿಗೇ ಊಟಕ್ಕೆ ಕೂತೆವು.

ಆಮೇಲೆ ನಾನು ಬನಹಟ್ಟಿಗೆ ಹೋಗಲೇ ಇಲ್ಲ. ಮಗು ಹುಟ್ಟಿದ್ದರೆ ಪೇಢೆಯ ಡಬ್ಬಿ ಹಿಡಿದುಕೊಂಡು ಮೊದಲು ಅವರ ಮನೆಗೇ ಓಡುತ್ತಿದ್ದೆ. ಹುಟ್ಟಲಿಲ್ಲ, ಇನ್ನು ಏನೆಂದು ಹೇಳಿ ಅವರ ಬಾಗಿಲು ಬಡಿಯಲಿ ಎಂದು ಇವತ್ತು ನಾಳೆ ಎನ್ನುತ್ತಲೇ ಇದ್ದೆ... ಹೋದ ವರ್ಷ ಅವರು ತೀರಿಕೊಂಡ ಸುದ್ದಿಯನ್ನು ಅಕ್ಕ ಹೇಳಿದಳು, ಅದೂ ತಿಂಗಳು ಕಳೆದ ಮೇಲೆ.

ಈಗ ನನಗೆ ಒಳ್ಳೆಯ ನಿದ್ದೆ ಬರುತ್ತದೆ. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ, ಇಲ್ಲ ಎಂದು ಹೇಳಿ ಮಾತು ಮುಂದುವರಿಸುತ್ತೇನೆ. ಇದು ಅವರು ಕೊಟ್ಟದ್ದು, ಸಣ್ಣದಲ್ಲ. ಇದನ್ನು ಅವರಿಗೆ ಹೇಳಲು ಪೇಢೆ ಬೇಕಿರಲಿಲ್ಲ. ಬರಿಗೈಯಲ್ಲೇ ಹೋಗಬೇಕಿತ್ತು.