ಅತ್ತಿಗೆಯ ಕಂಪ್ಯೂಟರು, ಎಲ್ಲರ ಟಿವಿ

ಅತ್ತಿಗೆಯ ಬಲಗೈ ಮಣಿಕಟ್ಟಿನ ಕೆಳಗೆ, ಮೇಜಿನ ಅಂಚು ತಾಗುವ ಕಡೆ, ಚರ್ಮ ಕಪ್ಪಗಾಗಿ ಜಡ್ಡುಗಟ್ಟಿತ್ತು. ಮನೆಗೆ ಬಂದ ನೆಂಟರು ಅದನ್ನು ಕಂಡು, ಪಾಪ, ಮುದ್ದೆ ತೊಳಸೀ ತೊಳಸೀ ಹೀಗಾಗಿದೆ ಅನ್ನುತ್ತಿದ್ದರು. ಅಮ್ಮನೂ ಹೌದೆನ್ನುತ್ತಿದ್ದಳು. ಅದು ಮೌಸ್ ಹಿಡಿದು ಹಿಡಿದು ಆದದ್ದು ಎಂದು ನಾನು ಎಷ್ಟು ಸಲ ಹೇಳಿದರೂ ಯಾರ ಕಿವಿಗೂ ಬೀಳಲಿಲ್ಲ. ಮುದ್ದೆಯಿಂದ ಆದರೆ ಅದು ಕೆಲಸ, ಮೌಸಿನಿಂದ ಆದರೆ ಹೊತ್ತು ಕಳೆಯುವುದು. ಈಗಲೂ ನೆನೆದರೆ ನನಗೆ ಮೈ ಉರಿಯುತ್ತದೆ.

ಅವರು ನನ್ನ ಅಣ್ಣನ ಹೆಂಡತಿ. ತವರು ಪಿರಿಯಾಪಟ್ಟಣದ ಹಾರನಹಳ್ಳಿ ಕಡೆ. ಮದುವೆಗೆ ಮುಂಚೆ ಪಿರಿಯಾಪಟ್ಟಣದ ಒಂದು ಅಂಗಡಿಯಲ್ಲಿ ಲಗ್ನಪತ್ರಿಕೆ, ಬ್ಯಾನರ್ ಡಿಸೈನ್ ಮಾಡುತ್ತಿದ್ದರು. ತಮ್ಮ ದುಡಿಮೆಯಲ್ಲೇ ಒಂದು ಒಳ್ಳೆಯ ಕಂಪ್ಯೂಟರ್ ಕೊಂಡಿದ್ದರು. ಹುಣಸೂರಿನ ನಮ್ಮ ಮನೆಗೆ ಬೀರು, ಮಂಚದ ಜೊತೆ ಅದೂ ಟೆಂಪೋದಲ್ಲಿ ಬಂತು. ಬೀರು ಮಂಚಕ್ಕೆ ಸಿಕ್ಕ ಮರ್ಯಾದೆ ಅದಕ್ಕೆ ಸಿಗಲಿಲ್ಲ. ಒಳಕೋಣೆಯಲ್ಲಿ, ಅಕ್ಕಿ ಮೂಟೆಗಳ ಪಕ್ಕ ಜಾಗ ಕೊಟ್ಟರು.

ಇಲ್ಲಿಗೆ ಬಂದ ಮೇಲೆ ಅತ್ತಿಗೆ ಹಿಡಿದದ್ದು ರವಿಕೆಯ ಕಸೂತಿ. ಈಗ ಮದುವೆ ರವಿಕೆಗೆ ಕೈಯಲ್ಲಿ ಕಸೂತಿ ಹಾಕುವವರು ಕಮ್ಮಿ, ಕಂಪ್ಯೂಟರ್ ಎಂಬ್ರಾಯ್ಡರಿ ಮಿಷನ್ನೇ ಹೊಲಿಯುತ್ತದೆ. ಆದರೆ ಸೂಜಿ ಎಲ್ಲಿ ಇಳಿಯಬೇಕು, ಯಾವ ಬಣ್ಣ ಮೊದಲು, ದಾರ ಎಲ್ಲಿ ಕತ್ತರಿಸಬೇಕು ಎಂದು ಮಿಷನ್ನಿಗೆ ಯಾರಾದರೂ ಬರೆದುಕೊಡಬೇಕಲ್ಲ, ಅದನ್ನು ಅತ್ತಿಗೆ ಬರೆಯುತ್ತಿದ್ದರು. ಅದು ಹ್ಯಾಂಡ್‌ಪೋಸ್ಟ್, ಪಿರಿಯಾಪಟ್ಟಣ, ಕೆ.ಆರ್. ನಗರದ ಹೊಲಿಗೆ ಅಂಗಡಿಗಳಿಗೆ ಫೈಲಾಗಿ ಫೋನಿನಲ್ಲಿ ಹೋಗುತ್ತಿತ್ತು. "ಹೂವ ಯಾರ್ ಬೇಕಾದ್ರೂ ಬರೀತಾರೆ ಕಣಮ್ಮಿ, ದಾರ ಎಲ್ಲಿ ನಿಲ್ಬೇಕು ಅನ್ನೋದೇ ಕಷ್ಟ" ಎನ್ನುತ್ತಿದ್ದರು. ಬಸ್ಸಿನಲ್ಲಿ ಮುಂದಿನ ಸೀಟಿನವರ ರವಿಕೆಯ ಬೆನ್ನು ನೋಡುತ್ತ ಇಳಿಯುವ ಸ್ಟಾಪನ್ನೇ ಮರೆಯುವ ಜಾತಿ. ಒಮ್ಮೆ ಎಲ್ಲರೂ ಬೈಲಕುಪ್ಪೆಗೆ ಹೋಗಿದ್ದೆವು. ನಾವು ಬುದ್ಧನ ಮುಂದೆ ನಿಂತು ಫೋಟೊ ತೆಗೆಸಿಕೊಂಡರೆ, ಇವರು ಕಂಬದ ಮೇಲೆ ಬರೆದಿದ್ದ ಮೋಡದ ಸುರುಳಿಯ ಫೋಟೊ ತೆಗೆದುಕೊಂಡು ಬಂದರು. ಕೆಲವೇ ದಿನಕ್ಕೆ ಆ ಮೋಡ ಹುಣಸೂರಿನ ಮದುಮಗಳೊಬ್ಬಳ ತೋಳಿನ ಮೇಲೆ ಕೂತಿತ್ತು. ನಾನು ಮದುವೆಯಾಗಿ ಕೆ.ಆರ್. ನಗರಕ್ಕೆ ಹೋದಾಗ, ಸುಮ್ಮನೆ ಕೂರಬೇಡ ಎಂದು ಗಂಟುಬಿದ್ದು ಮಿಷನ್ ಹಾಕಿಸಿದವರೂ ಅವರೇ. ಇವತ್ತು ನನ್ನ ಅಂಗಡಿ ನಡೆಯುತ್ತಿರುವುದು ಅವರು ಬರೆದ ಹೂವಿನಿಂದ.

ಸೊಸೆ ಕಂಪ್ಯೂಟರ್ ಮುಂದೆ ಕೂರುವುದನ್ನು ಕಂಡರೆ ಅಮ್ಮನಿಗೆ ಮೊದಮೊದಲು ಆಗುತ್ತಿರಲಿಲ್ಲ. ಅತ್ತಿಗೆ ಜಗಳವಾಡಲಿಲ್ಲ, ಒಂದು ಉಪಾಯ ಮಾಡಿದರು. ಸಿನಿಮಾ, ಹಳೆಯ ಸೀರಿಯಲ್, ಭಜನೆ, ಮದುವೆ ವಿಡಿಯೊ ಎಲ್ಲವನ್ನೂ ಅದೇ ಕಂಪ್ಯೂಟರಿಗೆ ತುಂಬಿ, ನಡುಮನೆಯ ಟಿವಿಗೂ ಅಮ್ಮನ ಫೋನಿಗೂ ವೈಫೈನಲ್ಲಿ ಅಲ್ಲಿಂದಲೇ ಬರುವಂತೆ ಮಾಡಿದರು. ಬೈಗುಳ ನಿಂತಿತು. "ಅವ್ರು ನೋಡ್ತಾ ಕುಂತ್ರೆ ನನ್ ಪಾಡಿಗೆ ನನ್ನ ಬುಡ್ತಾರೆ" ಎಂದು ನನಗೆ ಹೇಳಿ ನಕ್ಕಿದ್ದರು. ಅಣ್ಣನೋ, ರಿಮೋಟು ತನ್ನ ಕೈಯಲ್ಲಿದ್ದ ಮಾತ್ರಕ್ಕೆ ಎಲ್ಲವನ್ನೂ ತಾನೇ ಮಾಡಿದವನಂತೆ ಬಂದವರಿಗೆಲ್ಲ ತೋರಿಸುತ್ತಿದ್ದ.

ಕೆಲವು ಸಿನಿಮಾಗಳನ್ನು ನಮ್ಮ ಟಿವಿ ಇದ್ದ ಹಾಗೇ ತೆಗೆದುಕೊಳ್ಳುತ್ತಿರಲಿಲ್ಲ. ಕಂಪ್ಯೂಟರೇ ಅವನ್ನು ಬದಲಾಯಿಸುತ್ತ ಕಳಿಸಬೇಕಿತ್ತು. ಆಗ ಅದರ ಫ್ಯಾನು ಬೊಬ್ಬೆ ಹೊಡೆಯುತ್ತಿತ್ತು, ಅತ್ತಿಗೆ ಬರೆಯುತ್ತಿದ್ದ ಹೂವು ಅರ್ಧಕ್ಕೇ ನಿಲ್ಲುತ್ತಿತ್ತು. ಅವರು ಎದ್ದು ಬೆಳ್ಳುಳ್ಳಿ ಸುಲಿಯುತ್ತ ಕಾಯುತ್ತಿದ್ದರು. ಫ್ಯಾನಿನ ಸದ್ದು ಕೇಳಿಯೇ, "ನಿಮ್ಮಣ್ಣ ಫೈಟಿಂಗ್ ಪಿಚ್ಚರ್ ಹಾಕವ್ರೆ" ಅನ್ನುತ್ತಿದ್ದರು. ಹೂವಿನ ಕೆಲಸ ಪೂರ್ತಿ ನಿಂತೇಹೋದರೆ ನಡುಮನೆಯ ಬಾಗಿಲಿಗೆ ಬಂದು ಕೇಳುತ್ತಿದ್ದರು.

"ಒಸಿ ಆಫ್ ಮಾಡಿ ಆನ್ ಮಾಡ್ಲಾ?"

"ಇರು, ಈ ಸೀನ್ ಮುಗೀಲಿ."

ತಾನು ಕೊಂಡ ಕಂಪ್ಯೂಟರನ್ನು ಆಫ್ ಮಾಡಲು ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು ಅಪ್ಪಣೆ ಕೇಳಬೇಕು. ತವರಿಗೆ ಹೋದಾಗ ಇದನ್ನು ಕಂಡು ನಾನು ಅಣ್ಣನ ಮೇಲೆ ರೇಗಿದೆ.

"ಮನೆ ಅಂದ್ಮೇಲೆ ಎಲ್ಲಾರ್ದೂ ಕಣೇ" ಎಂದ.

"ಅಂಗಾರೆ ನಿನ್ ಬೈಕ್ ಕೀ ಕೊಡು, ಅತ್ತಿಗೆ ಹ್ಯಾಂಡ್‌ಪೋಸ್ಟ್‌ಗೆ ಹೋಗ್ಬರ್ಲಿ."

ಅವನು ಟಿವಿ ಕಡೆ ತಿರುಗಿದ.

ಯುಗಾದಿ ಕಳೆದು ಮದುವೆಗಳು ಶುರುವಾಗುವ ಹೊತ್ತಿಗೆ ಅದು ನಡೆಯಿತು. ಅಣ್ಣ ಗೆಳೆಯನ ಮನೆಯಿಂದ ಒಂದಷ್ಟು ಸಿನಿಮಾ ತುಂಬಿಸಿಕೊಂಡು ಬಂದ. ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ಹುಡುಕಿದಾಗ ದೊಡ್ಡದೊಂದು ಫೋಲ್ಡರ್ ಕಂಡಿತು. ತೆಗೆದು ನೋಡಿದರೆ ಬರೀ ಹೂವು, ಬಳ್ಳಿ, ನವಿಲು. ಅಳಿಸಿದ. ಅತ್ತಿಗೆ ಅದರದೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟಿದ್ದರು. ಸಿನಿಮಾ ತರಲು ಅವನು ಒಯ್ದು ಖಾಲಿ ಮಾಡಿಸಿದ್ದು ಅದೇ ಡಿಸ್ಕನ್ನು. ನಾವು ಅಂಗಡಿಯವರೂ ಹಳೆಯದನ್ನು ಇಟ್ಟುಕೊಳ್ಳುತ್ತಿರಲಿಲ್ಲ, ಮತ್ತೆ ಬೇಕಾದರೆ ಅತ್ತಿಗೆ ಇದ್ದಾರಲ್ಲ ಎಂಬ ಧೈರ್ಯ. ವಿಷಯ ತಿಳಿದು ನಾನೂ ಹುಣಸೂರಿಗೆ ಬಂದೆ, ಕಂಪ್ಯೂಟರನ್ನು ಮೈಸೂರಿನ ರಿಪೇರಿ ಅಂಗಡಿಗೆ ಒಯ್ದು ತೋರಿಸಿದೆವು. ಹೂವಿದ್ದ ಜಾಗದಲ್ಲೆಲ್ಲ ಸಿನಿಮಾ ಕೂತಿದೆ, ಇನ್ನು ಬರುವುದಿಲ್ಲ ಎಂದರು.

"ಹೂವಿನ್ ಫೋಟೋ ತಾನೇ, ನೆಟ್‌ನಲ್ಲಿ ಬೇಕಾದಷ್ಟ್ ಸಿಕ್ತವೆ" ಎಂದ ಅಣ್ಣ.

"ಗೊತ್ತಿಲ್ದೆ ಮಾಡವ್ನೆ, ಬುಡವ್ವ" ಎಂದಳು ಅಮ್ಮ.

ಇಬ್ಬರಲ್ಲಿ ಯಾರ ಮೇಲೆ ಹೆಚ್ಚು ಸಿಟ್ಟು ಬಂತೋ ಹೇಳಲಾರೆ. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿ, ಹೆಂಡತಿ ಒಳಗೆ ಕೂತು ಏನು ಮಾಡುತ್ತಾಳೆ ಎಂದು ಗೊತ್ತಿಲ್ಲದಿರುವುದೇ ತಪ್ಪಲ್ಲವೆ? ಅದೇ ನೆಪವಾಗುವುದು ಹೇಗೆ? ನಾನು ಕೂಗಾಡಿದೆ. ಅತ್ತಿಗೆ ಕೂಗಾಡಲಿಲ್ಲ. ಒಲೆ ಆರಿಸಿ, ಹೋಗಿ ಕಂಪ್ಯೂಟರಿನ ಮುಂದೆ ಕೂತರು. ಅವತ್ತು ನಮ್ಮ ತವರುಮನೆಗೆ ಹೋಟೆಲಿನಿಂದ ಊಟ ಬಂತು.

ಸುದ್ದಿ ಹ್ಯಾಂಡ್‌ಪೋಸ್ಟಿನ ಹೊಲಿಗೆಯಾಕೆಗೆ ಮುಟ್ಟಿತು. ಆಕೆ ಬಸ್ಸು ಹತ್ತಿ ಬಂದಳು, ಕೈಯಲ್ಲಿ ಚೀಲದ ತುಂಬ ರವಿಕೆ. ಗಿರಾಕಿಗಳ ಮನೆಗೆ ಹೋಗಿ ಅವರ ಬೀರುವಿನಿಂದ ಕೇಳಿ ತಂದ ಮದುವೆ ರವಿಕೆಗಳು. "ನೀವ್ ಬರ್ದಿದ್ದು ಬಟ್ಟೆ ಮ್ಯಾಲೆ ಅದಲ್ಲಕ್ಕ, ಇದ್ರಿಂದ ಎತ್ಕಳಿ" ಎಂದಳು. ಹಾರನಹಳ್ಳಿಯಿಂದಲೂ ಬಂದವು. ಕೆ.ಆರ್. ನಗರದಲ್ಲಿ ನಾನೇ ಮನೆ ಮನೆ ತಿರುಗಿ ತಂದೆ. ಮದುವೆ ರವಿಕೆಯನ್ನು ಯಾರೂ ಸುಲಭಕ್ಕೆ ಕೈಬಿಡುವುದಿಲ್ಲ, ಆದರೂ ಒಬ್ಬರೂ ಇಲ್ಲ ಅನ್ನಲಿಲ್ಲ. ಅತ್ತಿಗೆ ರವಿಕೆಯ ಒಳಮಗ್ಗುಲನ್ನು ತಿರುವಿ ಬೆಳಕಿಗೆ ಹಿಡಿಯುತ್ತಿದ್ದರು. ದಾರ ಎಲ್ಲಿಂದ ಹೊರಟು ಎಲ್ಲಿ ನಿಂತಿತು ಎಂಬುದು ಅಲ್ಲೇ ಕಾಣುವುದು. ಹಾಗೆ ನೋಡಿಕೊಂಡು ಒಂದೊಂದನ್ನೇ ಮತ್ತೆ ಬರೆದರು. ಕೆಲವು ಸಲ, "ಇದ್ನ ಎಷ್ಟ್ ಕೆಟ್ಟದಾಗ್ ಮಾಡಿವ್ನಿ ನೋಡಮ್ಮಿ" ಎಂದು ನಕ್ಕು ತಿದ್ದಿದ್ದೂ ಉಂಟು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಅಣ್ಣ ನಡುಮನೆಯಿಂದ ಕೂಗಿದ. "ಪಿಚ್ಚರ್ ನಿಂತ್ ನಿಂತ್ ಬತ್ತದೆ, ಏನ್ ಮಾಡ್ತಿದ್ದೀಯ ಒಳ್ಗೆ?"

ಅತ್ತಿಗೆ ರವಿಕೆ ಹಿಡಿದುಕೊಂಡೇ ಬಾಗಿಲಿಗೆ ಬಂದರು. "ನೀವ್ ಅಳ್ಸಿದ್ದನ್ನ ಬರೀತಿವ್ನಿ" ಎಂದರು.

ಅಣ್ಣ ಸೌಂಡ್ ಕಮ್ಮಿ ಮಾಡಿದ. ಆಫ್ ಮಾಡಲಿಲ್ಲ.

ಕಳೆದ ಮಳೆಗಾಲದಲ್ಲಿ ಅತ್ತಿಗೆಗೆ ಡೆಂಗಿ ಬಂತು. ಮೈಸೂರಿಗೆ ಸಾಗಿಸಿದೆವು, ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಜೊತೆ ಕೊನೆಗೆ ಆಡಿದ್ದೂ ಒಬ್ಬ ಮದುಮಗಳ ರವಿಕೆಯ ಮಾತೇ. "ಎಲೆ ಹಸ್ರು ಕೊನೇಗ್ ಬರ್ಲಿ. ಮೊದ್ಲು ಹಾಕ್ಬುಟ್ರೆ ಬಟ್ಟೆ ಸುಕ್ಕಾಯ್ತದೆ." ಅವರು ಹೇಳಿದಂತೆಯೇ ಹೊಲಿದು ಕೊಟ್ಟೆ. ಹೊಲಿಯುತ್ತ ಅತ್ತುಬಿಟ್ಟೆ.

ಹನ್ನೊಂದನೇ ದಿನ ನೆಂಟರು ಉಂಡು ಕೈತೊಳೆಯುತ್ತ, ಹೊರಗೆ ದುಡಿಯುವ ಕಷ್ಟವಿರಲಿಲ್ಲ, ಮನೆಯಲ್ಲೇ ನೆಮ್ಮದಿಯಾಗಿದ್ದಳು ಎಂದು ಮಾತಾಡಿಕೊಂಡರು. ಅವರೆಲ್ಲ ಹೊರಟ ಮೇಲೆ ಅಣ್ಣ ಹತ್ತಿರ ಬಂದ.

"ಕಂಪ್ಯೂಟರಲ್ಲಿ ತಿರ್ಗ ಜಾಗ ಇಲ್ಲ ಕಣೇ. ಆ ಹೂವಿನ್ ಫೋಲ್ಡರ್ ಇನ್ ಯಾರ್ಗೆ ಬೇಕು, ತೆಗ್ದುಬುಡ್ಲಾ?"

ಈ ಸಲ ಕೇಳಿದ, ಅದಕ್ಕೆ ಮೆಚ್ಚಬೇಕೇನೋ. ನಾನು ಒಳಕೋಣೆಗೆ ಹೋಗಿ ವೈರುಗಳನ್ನೆಲ್ಲ ಕಿತ್ತೆ. ಟಿವಿ ನಿಂತುಹೋಗಿ ಅಮ್ಮ ಎದ್ದು ಬಂದಳು.

"ಇದು ಅತ್ತಿಗೇದು, ತಗೊಂಡೋಯ್ತೀನಿ" ಎಂದೆ.

"ಅವ್ಳೇ ಹೋದ್ಮೇಲೆ ಇನ್ನೇನೇ ಅವಳ್ದು?"

"ಅವ್ರ ಕೆಲ್ಸ ಅದೆ ಇದ್ರಲ್ಲಿ."

ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಈಗ ಅದು ನನ್ನ ಅಂಗಡಿಯಲ್ಲಿದೆ. ಸಿನಿಮಾಗಳನ್ನೆಲ್ಲ ಒಂದು ಡಿಸ್ಕಿಗೆ ಹಾಕಿ ಅಣ್ಣನಿಗೆ ಕಳಿಸಿಕೊಟ್ಟೆ. ಇನ್ನೊಬ್ಬರದನ್ನು ಕೇಳದೆ ಅಳಿಸುವುದು ನನಗೆ ಬರುವುದಿಲ್ಲ. ಹ್ಯಾಂಡ್‌ಪೋಸ್ಟಿನಾಕೆ ಈಗಲೂ ಫೋನ್ ಮಾಡುತ್ತಾಳೆ, ಬೇಕಾದ ಹೂವನ್ನು ಹುಡುಕಿ ಕಳಿಸುತ್ತೇನೆ. ಹೊಸದೊಂದನ್ನು ಬರೆಯುವುದು ನನ್ನಿಂದಾಗದು, ಇರುವುದನ್ನಾದರೂ ಕಾಯುತ್ತಿದ್ದೇನೆ.

ಮೊನ್ನೆ ಅಣ್ಣ ಫೋನ್ ಮಾಡಿದ್ದ. ಹೊಸ ಟಿವಿ ತಂದಿದ್ದೇವೆ, ಎಲ್ಲ ಅದರಲ್ಲೇ ಬರುತ್ತದೆ ಎಂದ. ಆಮೇಲೆ, "ಒಳ್ಗಡೆ ರೂಮು ಖಾಲಿ ಖಾಲಿ ಕಾಣ್ತದೆ ಕಣೇ" ಎಂದ.

ಅಯ್ಯೋ ಪಾಪ ಅನ್ನಬೇಕಿತ್ತು. ಬಾಯಿಗೆ ಬರಲಿಲ್ಲ.

"ಕಾಣ್ಲಿ ಬುಡು" ಎಂದೆ.