“ನಂಗೂ ಥೈರಾಯ್ಡ್ ಉಂಟು”

ಉಡುಪಿಯ ಆಸ್ಪತ್ರೆಯೊಂದರ ಔಷಧಿ ಅಂಗಡಿಯ ಮುಂದೆ ಮಗುವನ್ನು ಎದೆಗೆ ಅವಚಿಕೊಂಡು ಅಳುತ್ತಾ ಕುಳಿತಿದ್ದೆ. ಹುಟ್ಟಿದ ಮೇಲೆ ಹಿಮ್ಮಡಿಗೆ ಚುಚ್ಚಿ ತೆಗೆದ ರಕ್ತದಲ್ಲಿ ಥೈರಾಯ್ಡ್ ತೊಂದರೆ ಕಾಣಿಸಿಕೊಂಡಿತ್ತು. ದಿನವೂ ಮಾತ್ರೆ ಕೊಟ್ಟರೆ ಎಲ್ಲ ಮಕ್ಕಳಂತೆ ಬೆಳೆಯುತ್ತಾನೆ, ಬಿಟ್ಟರೆ ಬುದ್ಧಿ ಬೆಳವಣಿಗೆ ಕುಂಠಿತವಾದೀತು ಎಂದಿದ್ದರು ವೈದ್ಯರು. ನನ್ನ ಕಿವಿಯಲ್ಲಿ ಉಳಿದದ್ದು ಕೊನೆಯ ಮಾತು ಮಾತ್ರ.

“ಯಾಕಮ್ಮ ಅಳುವುದು? ಮಗುವಿಗೆ ಎಂತ ಆಯಿತು?” ಪಕ್ಕದಲ್ಲಿ ಕುಳಿತಿದ್ದ ಅಪರಿಚಿತ ಮಹಿಳೆ ಕೇಳಿದರು.

ಹೇಳಿದೆ. ಅವರು ಬ್ಯಾರಿ ಭಾಷೆಯಲ್ಲಿ ಮಗಳನ್ನು ಕೂಗಿದರು. ಕಾಪುವಿನ ಲೈಟ್‌ಹೌಸ್ ಹತ್ತಿದ ಕಥೆಯನ್ನು ಯಾರೋ ಅಜ್ಜಿಗೆ ಜೋರಾಗಿ ಹೇಳುತ್ತಿದ್ದ ಹುಡುಗಿ ಓಡಿ ಬಂದಳು. ಮುಂದಿನ ಹಲ್ಲು ಬಿದ್ದಿತ್ತು.

“ಇವಳಿಗೂ ಹುಟ್ಟುವಾಗಲೇ ಇದೇ ಇತ್ತು. ಈಗ ಶಾಲೆಯಲ್ಲಿ ಬಾಯಿ ಮುಚ್ಚುವುದಿಲ್ಲ ಅಂತ ಟೀಚರ್‌ದು ದೂರು!” ಎಂದು ಅವರು ನಕ್ಕರು.

ಹುಡುಗಿ ನನ್ನ ಮಗುವಿನತ್ತ ಬಗ್ಗಿದಳು. “ಪಾಪು, ನಂಗೂ ಥೈರಾಯ್ಡ್ ಉಂಟು. ಮಾತ್ರೆ ಕಹಿ ಇಲ್ಲ, ಆಯ್ತಾ?”

ನನಗೆ ಅಳುವಿನ ನಡುವೆಯೇ ನಗು ಬಂತು. ಮಾತ್ರೆಯನ್ನು ಪುಡಿ ಮಾಡಿ, ಚಮಚದಲ್ಲಿ ಎದೆಹಾಲಿಗೆ ಬೆರೆಸಿ ಕುಡಿಸುವ ಬಗೆಯನ್ನು ಆ ತಾಯಿ ನಿಧಾನವಾಗಿ ವಿವರಿಸಿದರು. ಅಷ್ಟರಲ್ಲಿ ಅವರ ಸರದಿ ಬಂತು. ಹೆಸರು ಕೇಳಲೂ ಆಗಲಿಲ್ಲ.

ಕಟಪಾಡಿಯ ನಮ್ಮ ಅಂಗಳದಲ್ಲಿ ಮಗ ಈಗ ಕೋಳಿಗಳನ್ನು ಅಟ್ಟಿಸಿಕೊಂಡು ಓಡುತ್ತಾನೆ. ಊಟಕ್ಕೆ ಕರೆದರೆ ಬರುವುದಿಲ್ಲ ಎಂದು ತುಳುವಿನಲ್ಲಿ ವಾದಕ್ಕೆ ನಿಲ್ಲುತ್ತಾನೆ. ಮನೆಯವರೆಲ್ಲ ಗದರುತ್ತಾರೆ. ನನಗೆ ಮಾತ್ರ ಅವನ ವಾದ ಇನ್ನೂ ಸ್ವಲ್ಪ ಹೊತ್ತು ಕೇಳಬೇಕೆನಿಸುತ್ತದೆ.